ಡ್ರಮ್ಮಿನ ತಳ ಕಂಡ ದಿನ

ನೀರಿನ ಟ್ಯಾಂಕರ್ ಬರಲು ಇನ್ನೂ ಮೂರು ದಿನವಿತ್ತು. ಮನೆಯಲ್ಲೇ ಬಟ್ಟೆ ಹೊಲಿದುಕೊಡುವ ಅತ್ತೆ ಡ್ರಮ್ಮಿನ ಮುಚ್ಚಳ ಸರಿಸಿ ಇಣುಕಿದಳು. ತಳ ಕಾಣುತ್ತಿತ್ತು.

ಸೊಸೆ ಏಳು ತಿಂಗಳ ಬಸುರಿ. ಮೈಯಲ್ಲಿ ರಕ್ತ ಕಮ್ಮಿ. ಮಾತ್ರೆಯ ಜೊತೆ ದಿನಾ ಸೊಪ್ಪು ತಿನ್ನಬೇಕೆಂದು ನರ್ಸಮ್ಮ ಹೇಳಿದ್ದರು. ಅದಕ್ಕೇ ಸೊಸೆ ಹಿತ್ತಿಲಲ್ಲಿ ಸೊಪ್ಪಿನ ಬೀಜ ಚೆಲ್ಲಿದ್ದಳು. ಅಂದಿನಿಂದ ಅತ್ತೆಗೆ ಭಯ, ಗಿಡಕ್ಕೆ ಹೋಗುವ ಒಂದೊಂದು ಚೊಂಬೂ ಕುಡಿಯುವ ನೀರೇ ಅಲ್ಲವೇ? ದಿನಾ ಬೆಳಿಗ್ಗೆ ತಲೆಗೊಂದು ಹೂಜಿ, ಬಸುರಿಗೆ ಎರಡು, ಹೀಗೆ ಅಳೆದಿಟ್ಟು ಡ್ರಮ್ಮು ಮುಚ್ಚಿಬಿಡುತ್ತಿದ್ದಳು.

"ಸೊಪ್ಪಿಗೆ ನೀರು ಹಾಕಿದೆಯೇನೇ?"

"ಡ್ರಮ್ಮು ಮುಟ್ಟಿಲ್ಲ ಅತ್ತೆ."

"ಮತ್ತೆ ಪಾತಿ ಹೇಗೆ ಒದ್ದೆ ಆಯ್ತು? ನಿನ್ನ ತವರಿಂದ ಮೋಡ ಬಂದಿತ್ತಾ?"

ಸೊಸೆ ಸೆರಗು ಸರಿಪಡಿಸಿಕೊಂಡು ಒಳಗೆ ನಡೆದಳು.

ಮರುದಿನ ಮಧ್ಯಾಹ್ನ ಹೊಲಿಗೆ ನಿಲ್ಲಿಸಿ ಎದ್ದ ಅತ್ತೆ ಹಿತ್ತಿಲ ಬಾಗಿಲಲ್ಲೇ ಕಲ್ಲಾದಳು. ಸೊಸೆ ತನ್ನ ಪಾಲಿನ ಹೂಜಿಯನ್ನು ಗಿಡಗಳ ಮೇಲೆ ಬಗ್ಗಿಸುತ್ತಿದ್ದಳು. ತುಟಿ ಒಡೆದಿತ್ತು. ತಿರುಗಲು ಹೋದವಳು ವಾಲಿ ಗೋಡೆ ಹಿಡಿದಳು.

"ನೀನು ನೀರು ಕುಡಿದದ್ದು ಯಾವಾಗ?"

"ನಿನ್ನೆ ಸಂಜೆ... ಸೊಪ್ಪು ಸತ್ರೆ ಮಗೂಗೆ ರಕ್ತ ಎಲ್ಲಿಂದ ಬರುತ್ತೆ ಅತ್ತೆ?"

ಅತ್ತೆ ಅವಳಿಗೆ ನೀರು ಕುಡಿಸಿ, ಮಲಗಿಸಿ, ನರ್ಸಮ್ಮನನ್ನು ಓಡಿಹೋಗಿ ಕರೆತಂದಳು.

ನರ್ಸಮ್ಮ ಹೊಟ್ಟೆಯ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಆಲಿಸಿದರು.

"ಮಗುವಿನ ಎದೆಬಡಿತ ಸರಿಯಾಗಿದೆ. ಇನ್ನೆರಡು ದಿನ ಹೀಗೇ ನಡೆದಿದ್ರೆ ಈ ಮಾತು ಹೇಳೋಕಾಗ್ತಿರಲಿಲ್ಲ."

ಆಮೇಲೆ ಅವರು ಹಿತ್ತಿಲಿಗೆ ಬಂದು ಪಾತಿಯೊಳಗೆ ಬೆರಳಿಳಿಸಿದರು. ಮೇಲೆ ತೇವ, ಒಂದು ಗೆಣ್ಣು ಕೆಳಗೆ ಬೂದಿಯಂಥ ಒಣಮಣ್ಣು.

"ನೋಡಿ ಅಮ್ಮಾ, ಅವಳು ಹುಯ್ದ ನೀರು ಕುಡಿದದ್ದು ಗಿಡ ಅಲ್ಲ, ಬಿಸಿಲು. ಬಣ್ಣ ಬಳಿಯದ ಮಣ್ಣಿನ ಮಡಕೆ ಇದೆಯಾ? ಗಿಡಗಳ ನಡುವೆ ಕುತ್ತಿಗೆವರೆಗೆ ಹೂಳಿ, ನೀರು ತುಂಬಿ ಮುಚ್ಚಿಡಿ. ಜಿನುಗಿ ಜಿನುಗಿ ಬೇರಿಗೇ ಹೋಗುತ್ತೆ."

"ಅದಕ್ಕೂ ನೀರು ಬೇಕಲ್ಲ ನರ್ಸಮ್ಮ! ಎಲ್ಲಿಂದ ತರಲಿ?"

"ತರಕಾರಿ ತೊಳೆದ ನೀರು ಎಲ್ಲಿ ಚೆಲ್ತೀರಿ?"

ಅತ್ತೆ ಮೋರಿಯ ಕಡೆ ನೋಡಿದಳು.

"ಅದನ್ನೇ ಸೋಸಿ ತುಂಬಿ. ಸೋಪಿನ ನೀರು ಮಾತ್ರ ಬೇಡ. ಮಣ್ಣು ಬರಿಮೈಲಿ ಬಿಸಿಲಿಗೆ ಬೀಳದ ಹಾಗೆ ಏನಾದ್ರೂ ಹೊದಿಸಿ."

ಅತ್ತೆ ಹಳೆಯ ಮಡಕೆಯೊಂದನ್ನು ಹೂಳಿ, ತರಕಾರಿ ತೊಳೆದ ನೀರು ಸೋಸಿ ತುಂಬಿದಳು. ಆಮೇಲೆ ಹೊಲಿಗೆ ಯಂತ್ರದ ಕೆಳಗಿದ್ದ ಹತ್ತಿಬಟ್ಟೆಯ ಚೂರುಗಳನ್ನೆಲ್ಲ ಬಾಚಿ ತಂದಳು.

"ಗಿಡಕ್ಕೂ ಅಂಗಿ ಆಯ್ತಲ್ಲ ಅತ್ತೆ!" ಮಲಗಿದ್ದಲ್ಲಿಂದಲೇ ಸೊಸೆ ನಕ್ಕಳು. ಅತ್ತೆಗೆ ನಗು ಬರಲಿಲ್ಲ. ಚೂರು ಹರಡುವಾಗಲೂ ತಿರುತಿರುಗಿ ಸೊಸೆಯ ಕಡೆಗೇ ನೋಡುತ್ತಿದ್ದಳು.

ಟ್ಯಾಂಕರ್ ಬಂದ ದಿನ ಬೆರಳಿಳಿಸಿ ನೋಡಿದಳು. ಮಣ್ಣು ಒಳಗಿನವರೆಗೂ ತಂಪಾಗಿತ್ತು. ಆದರೂ ಹೆದರಿಕೆ ಪೂರ್ತಿ ಹೋಗಿಲ್ಲ. ಈಗವಳು ಗಿಡದ ಲೆಕ್ಕ ಕೇಳುವುದಿಲ್ಲ. ಮಧ್ಯಾಹ್ನವಾದರೆ ಸಾಕು, ಹೂಜಿ ಹಿಡಿದು ಸೊಸೆಯ ಎದುರು ಕೂರುತ್ತಾಳೆ.

"ಕುಡಿ. ನಾನು ನೋಡ್ಬೇಕು."

ಓದುತ್ತಿರುವ ಅಕ್ಕಂದಿರೇ, ನಿಮ್ಮ ಹಿತ್ತಿಲಲ್ಲೂ ಒಂದು ಮಡಕೆ ಹೂಳಿ. ಬೆರಳಿಳಿಸಿ ನೋಡದೆ ನೀರು ಹಾಕಬೇಡಿ. ಅದಕ್ಕೂ ಮೊದಲು, ಮನೆಯಲ್ಲಿ ಯಾರ ತುಟಿ ಒಣಗಿದೆ ಎಂದು ಇವತ್ತೇ ನೋಡಿ.