ನಡುವಿನ ಅಚ್ಚು

ಹೆಡ್ಲಿ ಡಾಬ್ಸನ್‌ನ ಚಾಸಿ ಮಾರಾಟಕ್ಕೆ ಬಂದು ಮೂರು ವರ್ಷವಾಗಿತ್ತು. ಮಾದರಿ ರೈಲು ಕಟ್ಟುವವರ ಮಾಸಪತ್ರಿಕೆಯ ಕೊನೆಯ ಪುಟದಲ್ಲಿ ಅದರ ಜಾಹೀರಾತು ತಪ್ಪದೆ ಬರುತ್ತಿತ್ತು. ಮಾದರಿ ಎಂದರೆ ಗಾಜಿನ ಬೀರುವಿನಲ್ಲಿಡುವ ಆಟಿಕೆಯಲ್ಲ. ಏಳೂಕಾಲು ಇಂಚಿನ ಹಳಿಯ ಮೇಲೆ ಕಲ್ಲಿದ್ದಲು ಉರಿಸಿ, ಉಗಿ ಬಿಟ್ಟು, ಹತ್ತು ಜನರನ್ನು ಕೂರಿಸಿಕೊಂಡು ಎಳೆಯುವ ಎಂಜಿನ್ನಿಗೆ ಬೇಕಾದ ತಳಕಟ್ಟು ಅದು. ಉದ್ದನೆಯ ಎರಡು ಉಕ್ಕಿನ ಹಲಗೆ, ಮೂರು ಅಚ್ಚು, ಆರು ಚಕ್ರ, ಎರಡು ಸಿಲಿಂಡರು. ಇಬ್ಬರು ಸೇರಿ ಎತ್ತಿದರೂ ಉಸ್ಸಪ್ಪಾ ಎನ್ನಬೇಕು. ಬೆಲೆಯಂತೂ ಮುದ್ರಣದೋಷವಿರಬೇಕೆಂದು ಜನ ಇನ್ನೊಮ್ಮೆ ಓದುವಷ್ಟು ಕಡಿಮೆ. ಆದರೂ ಅದನ್ನು ಯಾರೂ ಕೊಂಡಿರಲಿಲ್ಲ. ಕೊಳ್ಳಬಾರದು ಎಂಬುದೇ ಹೆಡ್ಲಿಯ ಆಸೆಯಾಗಿತ್ತು. ಬರಬೇಕು, ನೋಡಬೇಕು, ಕೂತು ಮಾತಾಡಬೇಕು, ಬರಿಗೈಯಲ್ಲಿ ಹೋಗಬೇಕು.

ಹೆಡ್ಲಿ ಮಾತು ಬಾರದ ಮನುಷ್ಯ. ಹಾಗೆಂದು ಮೂಗನೇನಲ್ಲ. ಡಾರ್ಲಿಂಗ್ಟನ್ನಿನ ರೈಲು ಕಾರ್ಖಾನೆಯಲ್ಲಿ ನಿಜವಾದ ಎಂಜಿನ್ನುಗಳಿಗೆ ಚಕ್ರ ಕೂರಿಸುತ್ತಿದ್ದವನು, ಅದು ಮುಚ್ಚಿದ ಮೇಲೆ ಬಸ್ ಡಿಪೋದಲ್ಲಿ ದುಡಿದವನು. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಕಬ್ಬಿಣದ ಸಾಮಾನಿದ್ದರೆ ಅವನ ಬಾಯಿ ಬಿಚ್ಚಿಕೊಳ್ಳುತ್ತಿತ್ತು. ಅದನ್ನು ತೆಗೆದಿಟ್ಟರೆ ಮುಗಿಯಿತು. ಪಬ್ಬಿನಲ್ಲಿ ಬಿಯರ್ ಲೋಟದ ನೊರೆ ಇಳಿಯುವುದನ್ನು ನೋಡುತ್ತ ಕೂರುತ್ತಿದ್ದ, ಜನ ಜಂಬವೆಂದುಕೊಂಡರು. ಮನೆಯ ಮಾತನ್ನೆಲ್ಲ ಹೆಂಡತಿ ಆಲಿವ್ ಗುತ್ತಿಗೆ ಹಿಡಿದಿದ್ದಳು. ಅವಳು ತೀರಿಕೊಂಡ ಮೇಲೆ ಆ ಮನೆಯಲ್ಲಿ ಮಾತೆಂಬುದೇ ಇಲ್ಲವಾಯಿತು. ಸೋಮವಾರ ಬ್ರೆಡ್ಡಿನಂಗಡಿಯಲ್ಲಿ ಬಾಯಿ ತೆರೆದರೆ ಮೊದಲು ಕೆಮ್ಮು ಬರುತ್ತಿತ್ತು, ಆಮೇಲೆ ದನಿ.

ಮೊದಲ ಸಲ ಜಾಹೀರಾತು ಕೊಟ್ಟಾಗ ಅವನ ಮನಸ್ಸಿನಲ್ಲಿ ಮೋಸವಿರಲಿಲ್ಲ. ಎಂಜಿನ್ನು ಮುಗಿಸುವ ಹುಮ್ಮಸ್ಸು ಆಲಿವ್ ಜೊತೆಗೇ ಹೋಗಿತ್ತು. ಶೆಡ್ಡಿನಲ್ಲಿ ತುಕ್ಕು ಹಿಡಿಯುವ ಬದಲು ಯಾರಿಗಾದರೂ ಆಗಲಿ ಎಂದುಕೊಂಡಿದ್ದ. ಹಲ್ ಪಟ್ಟಣದಿಂದ ನಲ್ಲಿ ರಿಪೇರಿಯವನೊಬ್ಬ ಬಂದ. ಬೆಳಿಗ್ಗೆ ಬಂದವನು ಸಂಜೆಯವರೆಗೆ ಕೂತ. ಸಿಲಿಂಡರಿನ ಮಾತು ಬಾಯ್ಲರಿಗೆ ಹೋಯಿತು, ಬಾಯ್ಲರಿನಿಂದ ಅವನ ಅತ್ತೆಗೆ ಹೋಯಿತು. ಹೆಡ್ಲಿ ಅಂದು ನಕ್ಕಿದ್ದ. ಕೊನೆಗೆ ಆತ ದುಡ್ಡು ತೆಗೆದಾಗ ಹೆಡ್ಲಿಗೆ ತಟ್ಟನೆ ಹೊಳೆಯಿತು. ಇದು ಹೋದರೆ ಇನ್ನು ಯಾರು ಬರುತ್ತಾರೆ? ಯೋಚಿಸಿ ಹೇಳುತ್ತೇನೆ ಎಂದುಬಿಟ್ಟ.

ಮಾದರಿ ರೈಲು ಕಟ್ಟುವ ಈ ಜನರಲ್ಲಿ ಅದು ನಡೆಯುವುದಿಲ್ಲ. ಕೇಳಿದ ಬೆಲೆಯನ್ನು ಕೈಯಲ್ಲಿ ಹಿಡಿದು ಬಂದವನಿಗೆ ಮಾಲು ಕೊಡಲೇಬೇಕು. ಕೊಡದವನನ್ನು ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಲ್‌ನವನು ಬಾಗಿಲು ಬಡಿದು ಹೋದ. ಹೆಡ್ಲಿ ವಾರಗಟ್ಟಲೆ ನಾಚಿಕೆಯಿಂದ ಬೆಂದ. ಬೇಡವೆನ್ನುವುದು ತನ್ನಿಂದಾಗದು, ಆದ್ದರಿಂದ ಬಂದವರೇ ಬೇಡವೆನ್ನುವಂತೆ ಮಾಡಬೇಕು ಎಂದು ತೀರ್ಮಾನಿಸಿದ.

ಉಗಿ ಎಂಜಿನ್ನಿನ ಚಕ್ರಗಳಿಗೆ ಒಂದು ಕಟ್ಟುನಿಟ್ಟಿದೆ. ಅಚ್ಚಿನ ಒಂದು ಪಕ್ಕದ ಚಕ್ರದ ಮೈಯಿಂದ ಚಾಚಿದ ಗೂಟ ಗಡಿಯಾರದ ಹನ್ನೆರಡರಲ್ಲಿದ್ದರೆ ಇನ್ನೊಂದು ಪಕ್ಕದ್ದು ಮೂರರಲ್ಲಿರಬೇಕು, ಮೂರು ಅಚ್ಚಿಗೂ ಹಾಗೆಯೇ. ಈ ಗೂಟಗಳಿಗೆ ಸಿಕ್ಕಿಸಿದ ಉದ್ದನೆಯ ಸಲಾಕೆ ಚಕ್ರಗಳನ್ನೆಲ್ಲ ಹೆಣೆದಿರುವುದರಿಂದ ಒಂದು ಅಚ್ಚು ಕೂದಲೆಳೆಯಷ್ಟು ತಪ್ಪಿದರೂ ಚಕ್ರ ಅರ್ಧ ಸುತ್ತಿ ಗಕ್ಕನೆ ನಿಲ್ಲುತ್ತದೆ. ಚಕ್ರ ಅಚ್ಚಿನ ಮೇಲೆ ಕದಲದಂತೆ ಹಿಡಿಯುವುದು ಬೆರಳ ಗೆಣ್ಣಿನಷ್ಟು ಉದ್ದದ ಒಂದು ಬೆಣೆ. ಹೆಡ್ಲಿ ನಡುವಿನ ಅಚ್ಚಿನ ನೇರ ಬೆಣೆಯನ್ನು ತೆಗೆದು, ಅದರ ಜಾಗಕ್ಕೆ ಸಣ್ಣ ಮೆಟ್ಟಿಲಿನಂತೆ ಅರೆದ ಇನ್ನೊಂದನ್ನು ಕೂರಿಸಿದ. ಚಕ್ರ ಕೂದಲೆಳೆಯಷ್ಟು ಸರಿಯಿತು. ಅಷ್ಟೇ ಸಾಕಾಗಿತ್ತು.

ಅಲ್ಲಿಂದ ಅವನ ಶನಿವಾರಗಳು ಸೊಗಸಾದವು. ಶುಕ್ರವಾರ ಶುಂಠಿ ಕೇಕು ಕೊಳ್ಳಲು ಹೋದರೆ ಅಂಗಡಿಯಾಕೆ ಯಾರು ನೆಂಟರು ಎಂದು ಕೇಳುತ್ತಿದ್ದಳು. ಹೆಡ್ಲಿ ಊರಿನ ಹೆಸರು ಹೇಳುತ್ತಿದ್ದ, ಲೀಡ್ಸಿನವರು, ವಿಟ್‌ಬಿಯವರು ಎಂದು. ಬಂದವರು ಚಕ್ರ ತಿರುಗಿಸುತ್ತಿದ್ದರು, ಅದು ಕಚ್ಚಿಕೊಳ್ಳುತ್ತಿತ್ತು, ಅವರ ಮುಖದಲ್ಲಿ ಮರುಕ ಮೂಡುತ್ತಿತ್ತು. ಆಮೇಲೆ ಪಾಠ ಶುರು. ಒಬ್ಬ ಪಾದ್ರಿ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗಡಿಯಾರ ಬರೆದೇ ವಿವರಿಸಿದ್ದ. ಹೆಡ್ಲಿ ಹೌದಾ, ಓಹೋ ಎನ್ನುತ್ತ ಟೀ ಬಗ್ಗಿಸುತ್ತಿದ್ದ. ಒಂದು ಅಚ್ಚನ್ನು ಹೀಗೆ ಕೂರಿಸಿದ ಪುಣ್ಯಾತ್ಮ ಮಿಕ್ಕಿದ್ದನ್ನು ಹೇಗೆ ಮಾಡಿದ್ದಾನೋ ಎಂದು ಯಾರೂ ಕೊಳ್ಳುತ್ತಿರಲಿಲ್ಲ. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಮಾತ್ರ ಅವನಿಗೆ ಕೊರಗು ಹತ್ತುತ್ತಿತ್ತು. ದೇಶವೆಲ್ಲ ತನ್ನನ್ನು ಕೈಲಾಗದ ಕೆಲಸಗಾರ ಎಂದುಕೊಳ್ಳುತ್ತಿದೆಯಲ್ಲ ಎಂದು.

ಹೇಜಲ್ ಟ್ರೆಂಬಾತ್ ಬಂದದ್ದು ಫೆಬ್ರವರಿಯಲ್ಲಿ. ಕಾರ್ನ್‌ವಾಲಿನಿಂದ, ಅಂದರೆ ದೇಶದ ಆ ತುದಿಯಿಂದ ಈ ತುದಿಗೆ, ಹಳೆಯ ವ್ಯಾನು ಓಡಿಸಿಕೊಂಡು. ಅರವತ್ತರ ಹೆಂಗಸು, ದೋಣಿ ರಿಪೇರಿ ಮಾಡಿ ಬದುಕಿದವಳು. ಟೀ ಕುಡಿಯುತ್ತ ತನ್ನ ಕತೆ ಹೇಳಿದಳು. ಎಂಜಿನ್ನಿನ ಬಾಯ್ಲರನ್ನು ತಾನೇ ತಾಮ್ರದಲ್ಲಿ ಕಟ್ಟಿದ್ದಳು, ನೀರಿನ ತೊಟ್ಟಿಯೂ ಮುಗಿದಿತ್ತು. ಚಾಸಿಗೆ ಉಕ್ಕು ಕೊಯ್ಯುವ ಹೊತ್ತಿಗೆ ಬಿದ್ದು ಮಣಿಕಟ್ಟು ಮುರಿಯಿತು. ಕೂಡಿತಾದರೂ ಗರಗಸ ಹಿಡಿಯುವ ಬಲ ಬರಲಿಲ್ಲ. ಅಂದಿನಿಂದ ಚಾಸಿ ಹುಡುಕುತ್ತಿದ್ದಾಳೆ. ಬ್ರಿಸ್ಟಲ್ಲಿನ ಹರಾಜಿನಲ್ಲಿ ಕಂಡದ್ದರ ಹಲಗೆ ಸೊಟ್ಟಗಿತ್ತು. ವೇಲ್ಸಿನಲ್ಲಿ ಒಬ್ಬ ವಿಧವೆ ಮಾತು ಕೊಟ್ಟು, ವ್ಯಾನಿಗೆ ಏರಿಸುವಾಗ ಗಂಡನ ನೆನಪಾಗಿ ಅತ್ತು ಇಳಿಸಿಕೊಂಡಳು.

"ಆಕೇನ ಬೈಯ್ಯಕ್ಕೂ ಆಗ್ಲಿಲ್ಲ ನೋಡಿ," ಅಂದಳು ಹೇಜಲ್. "ನಾನೂ ಅತ್ಕೊಂಡೇ ಬಂದೆ."

ಕೇಕು ಮುಗಿಸಿ ಚಕ್ರ ತಿರುಗಿಸಿದಳು. ಅದು ಕಚ್ಚಿಕೊಂಡಿತು. ಹೆಡ್ಲಿ ಪಾಠ ಕೇಳಲು ಸಿದ್ಧನಾಗಿ ಸ್ಟೂಲು ಎಳೆದುಕೊಂಡ. ಆದರೆ ಆಕೆ ಪಾಠ ಹೇಳಲಿಲ್ಲ. ಟಾರ್ಚು ಹಿಡಿದು ಹಲಗೆಯ ಅಂಚುಗಳನ್ನು, ಸಿಲಿಂಡರಿನ ಒಳಮೈಯನ್ನು, ಒಂದೊಂದು ತಿರುಪನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಕೋಟು ಬಿಚ್ಚಿ ಮೊಳೆಗೆ ನೇತುಹಾಕಿ, ಚಕ್ರ ಕೀಳುವ ಪುಲ್ಲರ್ ಇದೆಯೇ ಎಂದು ಕೇಳಿದಳು. ಇಲ್ಲವೆನ್ನಬಹುದಿತ್ತು. ಆದರೆ ಅದು ಗೋಡೆಯ ಮೇಲೆ ಅವಳ ಕಣ್ಣೆದುರಿಗೇ ನೇತಾಡುತ್ತಿತ್ತು.

ಚಕ್ರ ಹೊರಬಂತು. ಹೇಜಲ್ ಬೆಣೆಯನ್ನು ಅಂಗೈಯಲ್ಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದಳು. ಹೆಡ್ಲಿ ನೆಲ ನೋಡುತ್ತಿದ್ದ.

"ಇದನ್ನ ಅರೆದಿರೋ ಕೈ ತಪ್ಪು ಮಾಡೋ ಕೈ ಅಲ್ಲ," ಅಂದಳು. "ಎರಡೂ ಮುಖ ಕನ್ನಡಿ ಥರ ಇದೆ. ಬೇಕು ಅಂತಲೇ ಕೆಡಿಸಿದೀರಾ. ಯಾಕೆ?"

ಹೆಡ್ಲಿಗೆ ಎರಡು ಬಗೆಯಲ್ಲಿ ಕಣ್ಣು ತುಂಬಿತು. ಕಳ್ಳತನ ಸಿಕ್ಕಿಬಿದ್ದ ಅವಮಾನ ಒಂದು. ಇನ್ನೊಂದು, ಮೂರು ವರ್ಷದಲ್ಲಿ ಮೊದಲ ಬಾರಿಗೆ ಯಾರೋ ತನ್ನ ಕೆಲಸವನ್ನು ಕೆಲಸವೆಂದು ಕಂಡರು ಎಂಬ ಸುಖ.

"ಸರಿಯಾಗಿದ್ರೆ ಮಾರಿಹೋಗತ್ತೆ," ಅಂದ. "ಮಾರಿಹೋದ್ರೆ ಇಲ್ಲಿಗೆ ಯಾರೂ ಬರಲ್ಲ."

ಹೇಜಲ್ ನಗಲಿಲ್ಲ. ಬೆಣೆಯನ್ನು ಮೇಜಿನ ಮೇಲಿಟ್ಟಳು.

"ಹೆಡ್ಲಿ, ನಂಗೆ ಅಯ್ಯೋ ಅನ್ಸತ್ತೆ ನಿಮ್ಮನ್ನ ನೋಡಿದ್ರೆ. ಆದ್ರೆ ಇದು ನಂಗೆ ಬೇಕು. ಇನ್ನೊಂದು ಹುಡುಕೋ ಅಷ್ಟು ವರ್ಷ ಈ ಕೈಗಿಲ್ಲ. ಬೇಡ ಅಂತ ಸುಳ್ಳು ಹೇಳಿ ಹೋಗಲ್ಲ ನಾನು."

ಹೆಡ್ಲಿ ಎದ್ದು ಅರಗಳ ಡ್ರಾಯರ್ ಎಳೆದು, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ನೇರ ಬೆಣೆಯನ್ನು ತೆಗೆದು ಅವಳ ಕೈಗೆ ಕೊಟ್ಟ. ಯಾಕೆ ಕೊಟ್ಟೆನೆಂದು ಆಮೇಲೆ ತಾನೇ ಕೇಳಿಕೊಂಡ. ಅವನು ಕೇಳಿದ ಬೆಲೆ ಹಿಡಿದು ಅವಳು ಬಂದಿದ್ದಳು, ಅದು ನಿಜ. ಆದರೆ ಆ ಗಳಿಗೆಯಲ್ಲಿ ಅವನಿಗೆ ಬೇಕಾಗಿದ್ದದ್ದು ಒಂದೇ: ಆ ಚಕ್ರ ಹೇಗೆ ತಿರುಗುತ್ತದೆ ಎಂದು ಅವಳು ನೋಡಬೇಕು.

ಮಧ್ಯಾಹ್ನವೆಲ್ಲ ಇಬ್ಬರೂ ಕೂಡಿ ಕೆಲಸ ಮಾಡಿದರು. ಅವಳ ಮಣಿಕಟ್ಟಿಗೆ ಆಗದ್ದನ್ನು ಅವನು ತಿರುಗಿಸಿದ, ಅವನ ಕಣ್ಣಿಗೆ ಕಾಣದ್ದನ್ನು ಅವಳು ನೋಡಿದಳು. ದೋಣಿ ರಿಪೇರಿಯ ಕಾಲದ ಪೋಲಿ ಜೋಕುಗಳನ್ನು ಹೇಳಿದಳು. ಆಲಿವ್ ಕೇಳಿದ್ದರೆ ಕೆಂಪಾಗಿ, ಆಮೇಲೆ ಅಡುಗೆಮನೆಗೆ ಹೋಗಿ ನಗುತ್ತಿದ್ದಳು. ಹೆಡ್ಲಿ ಅದನ್ನು ಹೇಳಿಯೂಬಿಟ್ಟ. ಆಲಿವ್ ಬಗ್ಗೆ ಹೊರಗಿನವರೆದುರು ಅವನು ಮಾತಾಡಿದ್ದು ಅದೇ ಮೊದಲು. ತೀರಿಕೊಂಡವಳ ಹೆಸರು ಬಾಯಲ್ಲಿ ಅಷ್ಟು ಹಗುರವಾಗಿ ಬರುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

ಕೊನೆಯ ತಿರುಪು ಬಿಗಿಯಾದ ಮೇಲೆ ಹೇಜಲ್ ಒಂದೇ ಬೆರಳಲ್ಲಿ ಚಕ್ರ ನೂಕಿದಳು. ಆರೂ ಚಕ್ರಗಳು ಒಟ್ಟಿಗೆ ತಿರುಗಿದವು, ಸದ್ದಿಲ್ಲದೆ, ಎಲ್ಲಿಯೂ ತಡೆಯದೆ. ಅವಳು ಬೆರಳು ತೆಗೆದ ಮೇಲೂ ಒಂದಷ್ಟು ಸುತ್ತು ತಿರುಗಿ ತಾವಾಗಿಯೇ ನಿಂತವು.

"ಅಬ್ಬಾ," ಅಂದಳು ಮೆಲ್ಲಗೆ.

ಹೆಡ್ಲಿಗೆ ಹೆಮ್ಮೆ ಎನಿಸಿತು. ಅದರ ಬೆನ್ನಿಗೇ ಹೆದರಿಕೆಯಾಯಿತು.

ಪಕ್ಕದ ಮನೆಯವನನ್ನು ಕರೆದು ಮೂವರೂ ಸೇರಿ ಚಾಸಿಯನ್ನು ವ್ಯಾನಿಗೆ ಏರಿಸಿದರು. ಹೇಜಲ್ ಅದಕ್ಕೆ ಹಳೆಯ ಕಂಬಳಿ ಹೊದಿಸಿ ಹಗ್ಗ ಬಿಗಿದಳು. ಎಂಜಿನ್ನಿಗೆ ಬೆಂಕಿ ಹಾಕುವ ದಿನ ಬರಲೇಬೇಕು, ಮೊದಲ ಸವಾರಿ ನಿಮ್ಮದೇ ಎಂದು ಕೈ ಹಿಡಿದು ಹೇಳಿದಳು. ಮನಸಾರೆ ಹೇಳಿದಳು, ಅದರಲ್ಲಿ ಅನುಮಾನವಿರಲಿಲ್ಲ. ಬರುತ್ತೇನೆ ಎಂದು ಹೆಡ್ಲಿಯೂ ಹೇಳಿದ. ಆಲಿವ್ ಹೋದ ಮೇಲೆ ಅವನು ಡಾರ್ಲಿಂಗ್ಟನ್ ದಾಟಿರಲಿಲ್ಲ. ಕಾರ್ನ್‌ವಾಲಿಗೆ ಎಷ್ಟು ರೈಲು ಬದಲಿಸಬೇಕೆಂದೂ ಅವನಿಗೆ ತಿಳಿಯದು. ಹೋದರೂ, ಗುರುತಿಲ್ಲದ ಆ ಜನರ ನಡುವೆ ಬಾಯಿ ಕಟ್ಟಿ ನಿಲ್ಲುವ ತನ್ನನ್ನು ಅವನು ಈಗಲೇ ಮನಸ್ಸಿನಲ್ಲಿ ಕಂಡ. ವ್ಯಾನು ತಿರುವಿನಲ್ಲಿ ಮರೆಯಾಯಿತು.

ಒಳಗೆ ಬಂದು ಲೋಟಗಳನ್ನು ತೊಳೆದ. ಅಡುಗೆಮನೆಯ ಕಿಟಕಿಯಿಂದ ಶೆಡ್ಡಿನ ಬಾಗಿಲು ಕಾಣುತ್ತಿತ್ತು, ಅದರಾಚೆಗೆ ಖಾಲಿ ಮೇಜು. ದುಡ್ಡಿನ ಕವರು ಬ್ರೆಡ್ಡಿನ ಡಬ್ಬಿಯ ಮೇಲೆ ಬಿದ್ದಿತ್ತು. ಅದನ್ನು ಮುಟ್ಟುವ ಮನಸ್ಸಾಗಲಿಲ್ಲ. ಅವನಿಗೆ ಒಂಟಿತನವೆನ್ನಿಸಿತು. ಇಷ್ಟು ದಿನ ಅದಕ್ಕೆ ಬೇರೆ ಬೇರೆ ಹೆಸರು ಕೊಟ್ಟುಕೊಂಡಿದ್ದ, ಬೇಸರ, ಚಳಿ, ವಯಸ್ಸು ಎಂದು. ಇವತ್ತು ಆ ಹೆಸರುಗಳು ಯಾವುವೂ ಹೊಂದಲಿಲ್ಲ.

ಹಜಾರದಲ್ಲಿ ಫೋನು ಹೊಡೆದುಕೊಂಡಿತು. ಗಂಡಸಿನ ದನಿ. ಶೆಫೀಲ್ಡಿನಿಂದ ಮಾತಾಡುತ್ತಿದ್ದೇನೆ, ಪತ್ರಿಕೆಯಲ್ಲಿ ನೋಡಿದೆ, ಚಾಸಿಗಾಗಿ ಎಲ್ಲೆಲ್ಲೋ ಅಲೆದಿದ್ದೇನೆ ಎಂದು ಆತ ಒಂದೇ ಉಸಿರಿಗೆ ಹೇಳಿಕೊಂಡ. "ಇನ್ನೂ ಇದೆಯಾ ಸಾರ್, ಇಲ್ಲಾ ಹೋಯ್ತಾ?"

ಹೋಯಿತು ಎಂದರೆ ಆತ ಥ್ಯಾಂಕ್ಸ್ ಹೇಳಿ ಫೋನಿಡುತ್ತಾನೆ. ಹೆಡ್ಲಿ ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ.

"ಇದೆ," ಅಂದ. "ಶನಿವಾರ ಬನ್ನಿ. ಬೆಳಿಗ್ಗೇನೇ ಬಂದ್ಬಿಡಿ, ಕೂತು ನೋಡೋಣ."

ಆತ ದಾರಿ ಕೇಳಿದ. ಹೆಡ್ಲಿ ನಿಧಾನವಾಗಿ, ಒಂದು ತಿರುವನ್ನೂ ಬಿಡದೆ, ಎರಡು ಸಲ ಹೇಳಿದ.