ಮಚ್ಚೆ ಬಿದ್ದ ಕನ್ನಡಿಯ ದೂರು

ಇನ್ನೊಬ್ಬರ ಮನೆಯ ಮಾತನ್ನು ಹೊರಗೆ ಹೇಳುವುದು ಒಳ್ಳೆಯದಲ್ಲ, ಅದರಲ್ಲೂ ವಾರಗಿತ್ತಿಯರ ನಡುವಿನ ಮಾತನ್ನು. ಹೇಳಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತೂಕ ತಪ್ಪಿ ಒಬ್ಬಳ ಕಡೆಗೆ ವಾಲಿದರೆ ಅದು ಹೇಳುವವರ ದಡ್ಡತನ, ಅವರಿಬ್ಬರದಲ್ಲ.

ಆ ಮನೆಯಲ್ಲಿ ಸೊಸೆಯರು ಇಬ್ಬರು. ದೊಡ್ಡ ಸೊಸೆಗೆ ಕೆಲಸ ಆನ್‌ಲೈನ್ ಮಾರಾಟದ ಕಂಪನಿಯೊಂದರ ದೂರು ವಿಭಾಗದಲ್ಲಿ. "ಹೇಳಿದ್ದೊಂದು, ಬಂದದ್ದೊಂದು, ನನ್ನ ಹಣ ವಾಪಸ್ ಕೊಡಿ" ಎಂದು ಕೊಂಡವರು ಬರೆದರೆ, ಅದು ನಿಜವೋ ಅಲ್ಲವೋ ಎಂದು ತೀರ್ಮಾನಿಸುವುದು ಅವಳ ಕೆಲಸ. ಹಗಲು ಅದೇ ಕಂಪನಿಯಲ್ಲಿ ಪಾರ್ಸೆಲ್ ಕಟ್ಟುತ್ತ, ಸಂಜೆ ಕಾಲೇಜಿನಲ್ಲಿ ಆರು ವರ್ಷ ಓದಿ ಆ ಕುರ್ಚಿಗೆ ಬಂದವಳು. ಮನೆಯಲ್ಲಿ ಯಾವ ಅರ್ಜಿ, ಯಾವ ಕಾಗದ ಬರೆಯಬೇಕಾದರೂ ಅವಳೇ ಬೇಕು. "ನಮ್ಮ ದೊಡ್ಡವಳು ಬರೆದಳು ಅಂದ್ರೆ ಆಫೀಸಿನವರು ಎದ್ದು ನಿಲ್ತಾರೆ" ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹೇಳುತ್ತಿದ್ದರು.

ಹೇಳುತ್ತಿದ್ದದ್ದು ಚಿಕ್ಕ ಸೊಸೆ ಅಂಗಡಿ ತೆರೆಯುವವರೆಗೆ.

ಚಿಕ್ಕವಳದು ಹಳೆಯ ಸಾಮಾನಿನ ಅಂಗಡಿ. ಅಂಗಡಿಯೆಂದರೆ ಹಿಂದಿನ ಕೋಣೆಯ ಎರಡು ಕಪಾಟು, ಒಂದು ಫೋನು, ಅಷ್ಟೇ. ಮನೆ ಖಾಲಿ ಮಾಡುವವರ ಬಳಿಯಿಂದ ದೀಪ, ಗಡಿಯಾರ, ಕನ್ನಡಿ ತಂದು, ಒರೆಸಿ, ಫೋಟೋ ತೆಗೆದು, ನಾಲ್ಕು ಸಾಲು ಬರೆದು, ದೊಡ್ಡವಳ ಕಂಪನಿಯ ಜಾಲತಾಣದಲ್ಲೇ ಮಾರುತ್ತಿದ್ದಳು. ಆ ನಾಲ್ಕು ಸಾಲೇ ತೊಂದರೆ ತಂದದ್ದು. ಹತ್ತನೇ ಕ್ಲಾಸಿಗೇ ಪುಸ್ತಕ ಮುಚ್ಚಿದ ಹೆಣ್ಣು, ಒಲೆಯ ಮುಂದೆ ನಿಂತು, ಒಂದು ಕೈಯಲ್ಲಿ ಸೌಟು ಇನ್ನೊಂದರಲ್ಲಿ ಫೋನು ಹಿಡಿದು ಬರೆದುಬಿಡುತ್ತಿದ್ದಳು. ಊಟಕ್ಕೆ ಕೂತಾಗ ಅತ್ತೆ ಕನ್ನಡಕ ಏರಿಸಿಕೊಂಡು ಅದನ್ನು ಗಟ್ಟಿಯಾಗಿ ಓದುತ್ತಿದ್ದರು.

"ಕೇಳ್ರೋ ಇಲ್ಲಿ. 'ಈ ಸ್ಟೂಲಿನ ಒಂದು ಕಾಲು ತುಸು ಗಿಡ್ಡ. ಕೂತವರು ಯೋಚನೆ ಮಾಡುವವರಾದರೆ ಮೆಲ್ಲಗೆ ತೂಗುತ್ತದೆ.' ಅಯ್ಯೋ ಇವಳಾ! ಎಲ್ಲಿಂದ ಬರುತ್ತೋ ಇವಳಿಗೆ ಮಾತು!"

ಸೊಸೆಯರ ಗಂಡಂದಿರಿಬ್ಬರೂ ನಗುತ್ತಿದ್ದರು. ದೊಡ್ಡವಳೂ ನಗುತ್ತಿದ್ದಳು, ತುಟಿ ಮಟ್ಟಿಗೆ. "ಚೆನ್ನಾಗಿದೆ. ಆದ್ರೆ ತುಸು ಅಂದ್ರೆ ಎಷ್ಟು ಅಂತ ಅಳತೆ ಹಾಕ್ಬೇಕಿತ್ತು" ಎನ್ನುತ್ತಿದ್ದಳು. ಆಮೇಲೆ ಪಾತ್ರೆ ತೊಳೆಯುವಾಗ ಆ ಸಾಲೇ ತಲೆಯಲ್ಲಿ ಸುತ್ತುತ್ತಿತ್ತು. ಸಂಜೆಯ ಬಸ್ಸಿನಲ್ಲಿ ತೂಕಡಿಸುತ್ತ ಕಲಿತ ಓದು ತನಗೆ "ಈ ಮೂಲಕ ತಿಳಿಸುವುದೇನೆಂದರೆ" ಎನ್ನುವುದನ್ನು ಕೊಟ್ಟಿತ್ತು. ಇಂಥದೊಂದು ಸಾಲು ಕೊಟ್ಟಿರಲಿಲ್ಲ. ಹೊಟ್ಟೆಯೊಳಗೆ ಸಣ್ಣಗೆ ಉರಿ. ಉರಿಯುತ್ತಿದೆಯಲ್ಲ ಎಂದು ನಾಚಿಕೆ. ನಾಚಿಕೆ ಪಟ್ಟರೂ ಉರಿ ಆರುತ್ತಿರಲಿಲ್ಲ.

ದೂರು ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಒಬ್ಬರು ಮಾರಿದವರ ವಿವರಣೆಯನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಪಕ್ಕದ ಮೇಜಿನವರು ಬೆನ್ನು ತಿರುಗಿಸಿ ಕೂತು ಕೇಳಬೇಕು. ಕೇಳಿಯಾದ ಮೇಲೆ ತಿರುಗಿ, ಪರದೆಯ ಮೇಲಿನ ಮೂರು ಫೋಟೋಗಳಲ್ಲಿ ಆ ವಸ್ತು ಯಾವುದೆಂದು ತೋರಿಸಬೇಕು. ಒಂದು ಫೋಟೋ ಕೊಂಡವರ ಕೈಗೆ ಬಂದ ವಸ್ತುವಿನದು, ಉಳಿದೆರಡು ಅದನ್ನೇ ಹೋಲುವ ಬೇರೆಯವುಗಳದು. ಸರಿಯಾದದ್ದನ್ನು ತೋರಿಸಿದರೆ ವಿವರಣೆ ಗೆದ್ದ ಹಾಗೆ. ತಪ್ಪು ತೋರಿಸಿದರೆ ದೂರು ಗೆದ್ದ ಹಾಗೆ, ಕೊಂಡವರಿಗೆ ಹಣ ವಾಪಸ್. ಒಂದೇ ಅಂಗಡಿಯ ಮೇಲೆ ಮೂರು ದೂರು ಗೆದ್ದರೆ ಅಂಗಡಿಗೆ ಬೀಗ. ಕಡತದ ಮೇಲೆ ಅಂಗಡಿಯ ಹೆಸರಿರುವುದಿಲ್ಲ, ಬರೀ ನಂಬರು. ಆದರೂ ಇದು ನಮ್ಮವರದು ಎಂದು ಗೊತ್ತಾದರೆ, ಮೂಲೆಯಲ್ಲಿರುವ ಪುಟ್ಟ ಚೌಕದಲ್ಲಿ ಗುರುತು ಹಾಕಿ ಬೇರೆ ಮೇಜಿಗೆ ದಾಟಿಸಬೇಕು.

ಒಂದು ಮಂಗಳವಾರ ಬೆಳಿಗ್ಗೆ ದೊಡ್ಡವಳು ತೆರೆದ ಕಡತ ಒಂದು ಕನ್ನಡಿಯದು. "ಕನ್ನಡಿಯಲ್ಲಿ ಕಲೆಗಳಿವೆ. ಹೇಳದೆ ಮೋಸ ಮಾಡಿದ್ದಾರೆ" ಎಂದು ಕೊಂಡವರು ಬರೆದಿದ್ದರು. ಅವಳು ವಿವರಣೆ ನೋಡಿದಳು.

"ಮೊಟ್ಟೆಯಾಕಾರದ ಕನ್ನಡಿ, ಕಪ್ಪು ಮರದ ಚೌಕಟ್ಟು. ಕೈಗೆ ಹಗುರ, ಗೋಡೆಗೂ ಭಾರವಲ್ಲ. ಎಡಗಡೆ ಕೆಳಗೆ ಕಂದು ಮಚ್ಚೆಗಳಿವೆ, ಅಜ್ಜಿಯ ಮುಂಗೈ ಮೇಲಿರುವಂಥವು. ಮುಖವನ್ನು ಇದ್ದ ಹಾಗೇ ತೋರಿಸುತ್ತದೆ, ಹೊಗಳುವುದಿಲ್ಲ."

ಬರೆದವರು ಯಾರೆಂದು ಕೂಡಲೇ ಗೊತ್ತಾಯಿತು. ಹೋದ ತಿಂಗಳು ಇದೇ ಸಾಲು ಓದಿ ಅತ್ತೆ ತಮ್ಮ ಕೈ ಮುಂದೆ ಚಾಚಿ, "ನನ್ನ ಕೈ ನೋಡಿಯೇ ಬರೆದಿದ್ದಾಳೆ ಕಳ್ಳಿ" ಎಂದು ತುತ್ತು ಬಿಟ್ಟು ನಕ್ಕಿದ್ದರು. ಚಿಕ್ಕವಳ ಅಂಗಡಿಯ ಮೇಲೆ ಆಗಲೇ ಎರಡು ದೂರು ಗೆದ್ದಿವೆ ಎಂಬುದೂ ಅವಳಿಗೆ ಗೊತ್ತಿತ್ತು.

ಬೆರಳು ಚೌಕದ ಹತ್ತಿರ ಹೋಗಿ ನಿಂತಿತು. ನಂಬರಿಗೆಲ್ಲಿಯ ನೆಂಟಸ್ತಿಕೆ ಎಂದಿತು ಮನಸ್ಸು. ಮಚ್ಚೆಯ ಮಾತು ಇದ್ದೇ ಇದೆ, ಓದಿದರೆ ಗೆಲ್ಲುತ್ತದೆ, ನಾನೇ ಓದಿ ಗೆಲ್ಲಿಸಿದರೆ ತಪ್ಪೇನು ಎಂದೂ ಅಂದಿತು. ಗುರುತು ಹಾಕಲಿಲ್ಲ.

"ತಿರುಗು ದಪ್ಪಣ್ಣ" ಎಂದಳು ಪಕ್ಕದ ಮೇಜಿನವನಿಗೆ. ವಿಭಾಗದಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಹಾಗೆ.

"ಬೆಳಿಗ್ಗೆಯಿಂದ ತಿರುಗಿ ತಿರುಗಿ ತಲೆ ಸುತ್ತು ಬಂತು. ನನ್ನ ಮುಖ ನೋಡೋಕೆ ಅಷ್ಟು ಬೇಜಾರಾ ನಿಮಗೆ?" ಎನ್ನುತ್ತ ಅವನು ಕುರ್ಚಿ ತಿರುಗಿಸಿದ.

ಅವಳು ಓದಿದಳು. "ಕೈಗೆ ಹಗುರ, ಗೋಡೆಗೂ ಭಾರವಲ್ಲ" ಎನ್ನುವವರೆಗೆ ದನಿ ಸರಿಯಾಗಿಯೇ ಬಂತು.

"ಆಹಾ! ಯಾರ್ರೀ ಇದನ್ನ ಬರೆದವರು?" ಬೆನ್ನು ತಿರುಗಿಸಿಕೊಂಡೇ ಅವನು ಕೇಳಿದ. "ನಾವೂ ಬರೀತೀವಿ, ದಂಡಕ್ಕೆ."

ಇಲ್ಲಿಯೂ ಅದೇ ಹೊಗಳಿಕೆ! ಅವಳು ಮತ್ತೆ ಪರದೆ ನೋಡಿ ಓದಿದಳು: "ಮುಖವನ್ನು ಇದ್ದ ಹಾಗೇ ತೋರಿಸುತ್ತದೆ, ಹೊಗಳುವುದಿಲ್ಲ. ಮುಗೀತು."

ದಪ್ಪಣ್ಣ ತಿರುಗಿ, ನಡುವಿನ ಫೋಟೋ ಮೇಲೆ ಬೆರಳಿಟ್ಟ. ಒಂದು ಚುಕ್ಕೆಯೂ ಇಲ್ಲದ ಚೊಕ್ಕ ಕನ್ನಡಿ.

"ಸರಿನಾ?"

ಆಗಲಾದರೂ ಹೇಳಬಹುದಿತ್ತು, ಒಂದು ಸಾಲು ಬಿಟ್ಟುಹೋಯಿತು ಎಂದು. ಅವಳು "ತಪ್ಪು" ಎಂದಷ್ಟೇ ಹೇಳಿ ಗುಂಡಿ ಒತ್ತಿದಳು.

ಸಂಜೆ ಮನೆಗೆ ಬಂದಾಗ ಚಿಕ್ಕವಳು ಹಿಂದಿನ ಕೋಣೆಯ ನೆಲದ ಮೇಲೆ, ಕಾಗದ ಸುತ್ತಿದ ದೀಪಗಳ ನಡುವೆ ಕೂತಿದ್ದಳು.

"ಅಕ್ಕಾ, ಅಂಗಡಿಗೆ ಬೀಗ ಹಾಕಿದ್ದಾರೆ. ಏಳು ದಿನದಲ್ಲಿ ಮನವಿ ಹಾಕಿ ಗೆಲ್ಲದಿದ್ರೆ ಇನ್ನು ಯಾವತ್ತೂ ತೆಗೆಯೋ ಹಾಗಿಲ್ವಂತೆ. ನನ್ನದು ಅಂತ ಇದ್ದದ್ದು ಇದೊಂದೇ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ದೊಡ್ಡವಳೇ, ನೀನೇ ಬರೆದುಕೊಡಮ್ಮ. ನಿನ್ನ ಕಾಗದ ಅಂದ್ರೆ ಕಾಗದ."

ಎಷ್ಟು ದಿನದಿಂದ ಕಾದಿದ್ದ ಮಾತು! ಬಂದ ಹೊತ್ತು ಮಾತ್ರ ಹೀಗಿತ್ತು. ಅವಳಿಗೆ ಒಳಗೆ ಸಿಹಿಯಾಯಿತು, ಆದರೂ ಚಿಕ್ಕವಳ ಮುಖ ನೋಡದೆ ಚೀಲ ಇಳಿಸಿದಳು.

"ಅಕ್ಕ ದಣಿದು ಬಂದಿದ್ದಾರೆ ಬಿಡಿ ಅತ್ತೆ. ನಾನೇ ಬರೆದಿಟ್ಟಿದ್ದೀನಿ" ಎಂದಳು ಚಿಕ್ಕವಳು. "ತಪ್ಪಿದ್ರೆ ತಿದ್ದಿಕೊಡಿ ಅಕ್ಕ, ಸಾಕು."

ಕಾಗದದಲ್ಲಿ ಹೀಗಿತ್ತು: "ಮಚ್ಚೆ ಇದೆ ಎಂದು ನಾನು ಬರೆದಿದ್ದೆ. ಮೂರನೇ ಸಾಲಿನಲ್ಲಿದೆ. ಓದಿದವರಿಗೆ ಅಂದು ಬಹಳ ಕೆಲಸವಿತ್ತೇನೋ. ದಣಿದ ಕಣ್ಣನ್ನು ನಾನು ದೂರುವುದಿಲ್ಲ. ಇನ್ನೊಮ್ಮೆ ಓದಿ ಎಂದಷ್ಟೇ ಕೇಳುತ್ತೇನೆ."

ದೊಡ್ಡವಳು ಪೆನ್ನು ಹಿಡಿದು ಎರಡು ಸಲ, ಮೂರು ಸಲ ಓದಿದಳು. ಒಂದಕ್ಷರ ತಿದ್ದುವಂತಿರಲಿಲ್ಲ. ಏನಾದರೂ ತಿದ್ದಲೇಬೇಕೆಂದು "ದಣಿದ ಕಣ್ಣನ್ನು" ಹೊಡೆದುಹಾಕಿ "ಆಯಾಸಗೊಂಡ ಸಿಬ್ಬಂದಿಯನ್ನು" ಎಂದು ಮೇಲೆ ಬರೆದಳು. ಬರೆದದ್ದನ್ನು ನೋಡಿದಳು. ಸಾಲು ಸತ್ತುಹೋಗಿತ್ತು.

"ಹಾಗಂದ್ರೇನೇ ಸರಿನಾ ಅಕ್ಕ?"

"ಬೇಡ. ನಿನ್ನದೇ ಇರಲಿ" ಎಂದು ತನ್ನ ಮಾತಿನ ಮೇಲೆ ತಾನೇ ಗೀಟು ಎಳೆದಳು.

ಕಂಪನಿಯ ನಿಯಮದಂತೆ ಮನವಿ ಮೊದಲು ಓದಿದವರ ಮೇಜಿಗೇ ಬರುತ್ತದೆ. ಗುರುವಾರ ಅದು ಬಂತು. ಮತ್ತೊಮ್ಮೆ ಓದಿ ಗೆಲ್ಲಿಸುವುದು ಕಷ್ಟವಾಗಿರಲಿಲ್ಲ. ಆದರೆ "ಮೊದಲ ಸಲ ತಪ್ಪಿದ್ದೆಲ್ಲಿ" ಎಂಬ ಅಂಕಣವನ್ನು ತುಂಬದೆ ಬೀಗ ತೆಗೆಯಲು ಬರುತ್ತಿರಲಿಲ್ಲ. ಅವಳು "ಕೇಳಿದವರು ಗಮನವಿಟ್ಟು ಕೇಳಲಿಲ್ಲ" ಎಂದು ಬರೆದಳು. ಇನ್ನೊಂದು ದೂರಿಗೆ ಬೆನ್ನು ತಿರುಗಿಸಿ ಕೂತಿದ್ದ ದಪ್ಪಣ್ಣನ ಅಗಲ ಬೆನ್ನು ಕಂಡಿತು. ಏನು ಬೇಕಾದರೂ ಹೇರಬಹುದಾದಂಥ ಬೆನ್ನು. ಅವಳು ಸಾಲು ಅಳಿಸಿ, ಬೇರೆ ಬರೆದಳು: "ಮೂರನೇ ಸಾಲನ್ನು ನಾನು ಓದಲಿಲ್ಲ. ಅಂಗಡಿ ನನ್ನ ವಾರಗಿತ್ತಿಯದು. ಅದು ಗೊತ್ತಿದ್ದೂ ಗುರುತು ಹಾಕಲಿಲ್ಲ." ಅವಳು ಜೀವನದಲ್ಲಿ ಬರೆದ ಅತ್ಯಂತ ಚಿಕ್ಕ ಕಾಗದ ಅದು.

ಮಧ್ಯಾಹ್ನ ಮೇಲ್ವಿಚಾರಕಿ ಒಳಗೆ ಕರೆದರು.

"ಓದಲಿಲ್ಲ ಅಂದ್ರೆ? ಮರೆತ್ರಾ, ಬಿಟ್ರಾ?"

"ಗೊತ್ತಿಲ್ಲ ಮೇಡಂ."

"ಅದೊಂದು ಉತ್ತರಾನಾ?"

"ಅಲ್ಲ ಮೇಡಂ. ಆದ್ರೆ ಬೇರೆ ಉತ್ತರ ನನ್ನ ಹತ್ರ ಇಲ್ಲ."

ಈ ಸಲ ಬೇರೊಬ್ಬರು ಪೂರ್ತಿ ಓದಿದರು, ದಪ್ಪಣ್ಣ ಕೇಳಿದ. ವಿವರಣೆ ಗೆದ್ದಿತು. ಶುಕ್ರವಾರ ಚಿಕ್ಕವಳ ಅಂಗಡಿ ತೆರೆಯಿತು. ಸೋಮವಾರದಿಂದ ದೊಡ್ಡವಳಿಗೆ ಮತ್ತೆ ಪಾರ್ಸೆಲ್ ವಿಭಾಗ, ನಿಂತು ಮಾಡುವ ಕೆಲಸ. ಮನೆಯಲ್ಲಿ ವರ್ಗ ಆಯಿತು ಎಂದಷ್ಟೇ ಹೇಳಿದಳು.

"ನನ್ನಿಂದ ಏನಾದ್ರೂ ಆಯ್ತಾ ಅಕ್ಕ?" ಎಂದು ಚಿಕ್ಕವಳು ಕೇಳಿದಳು.

"ನಿನ್ನಿಂದ ಅಲ್ಲ. ಸುಮ್ನೆ ಊಟ ಮಾಡು."

ಅತ್ತೆ ಆಗಲೇ ಹೊಸ ಸಾಮಾನಿನ ನಾಲ್ಕು ಸಾಲು ಓದಲು ಶುರು ಮಾಡಿದ್ದರು. ಎಲ್ಲರೂ ನಕ್ಕರು. ಆ ಸಾಲುಗಳೂ ಚೆನ್ನಾಗಿದ್ದವು; ದೊಡ್ಡವಳ ಹೊಟ್ಟೆ ಮೊದಲಿನಷ್ಟೇ ಉರಿಯಿತು.

ಅವತ್ತು ಆ ಸಾಲಿನ ಮೇಲಿಂದ ಅವಳ ಕಣ್ಣು ತಾನಾಗಿ ಜಾರಿತೋ, ಅವಳೇ ಜಾರಿಸಿದಳೋ, ಅವಳಿಗೆ ಗೊತ್ತಿಲ್ಲ. ಓದಿದವರು ಯಾರೆಂದು ಚಿಕ್ಕವಳಿಗೆ ತಿಳಿದಿತ್ತೋ ಇಲ್ಲವೋ, ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ನನಗೂ ಗೊತ್ತಿಲ್ಲ.