ಮುಳ್ಳಿಗೆ ಕೇಳಿದ್ದು

“ಮುಳ್ಳು ಎಲ್ಲಿ ನಿಂತಿದೆ, ನೀವೇ ಓದಿ ಹೇಳಿ,” ಎಂದರು ಇನ್ಸ್‌ಪೆಕ್ಟರ್ ಮಂಜುನಾಥಯ್ಯ.

ಯಮುನ ಬಗ್ಗಿ ನೋಡಿದಳು. ಮೈಸೂರಿನಿಂದ ಅವರು ತಂದಿದ್ದ ಕಪ್ಪು ಪೆಟ್ಟಿಗೆ ಅಂಚೆ ಕಚೇರಿಯ ಮೇಜಿನ ಮುಕ್ಕಾಲು ಭಾಗ ಹಿಡಿದಿತ್ತು. ಅದರ ಮೇಲಿನ ಲೋಹದ ಬಟ್ಟಲಿಗೆ ಹೊಸ ಹೆಡ್‌ಫೋನನ್ನು ಕವುಚಿ ಹಾಕಿದ್ದರು. ಒಳಗಿನಿಂದ ಒಂದೇ ಸಮನೆ ಸಣ್ಣ ಕೂಗು ಬರುತ್ತಿತ್ತು. ಗಾಜಿನ ಹಿಂದಿನ ಮುಳ್ಳು ಅಲುಗದೆ ನಿಂತಿತ್ತು.

“ನಲವತ್ತೆರಡು.”

“ಹಳೇದಕ್ಕೆ ಎಷ್ಟು ಬಂತು?”

“ನಲವತ್ತೊಂದು.”

“ಅಂದ್ರೆ ಹೊಸದೇ ಒಂದು ಗೆರೆ ಮೇಲು. ಇನ್ನೇನಮ್ಮ?”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ಯಮುನಳಿಗೆ ಹೆಚ್ಚು ಸಂಕಟವಾಯಿತು. ಬೈದಿದ್ದರೆ ತಿರುಗಿ ಮಾತಾಡಬಹುದಿತ್ತು.

“ಆದ್ರೂ ಇದ್ರಲ್ಲಿ ಮಾತು ಕೇಳೋದಿಲ್ಲ ಸಾರ್. ದನಿ ಕೇಳ್ತದೆ. ಮಾತು ಕೇಳೋದಿಲ್ಲ.”

ಮಂಜುನಾಥಯ್ಯ ಪೋಸ್ಟ್‌ಮಾಸ್ಟರ್ ಬೆಳ್ಯಪ್ಪನವರ ಮುಖ ನೋಡಿದರು. ಬೆಳ್ಯಪ್ಪ ಕಿಟಕಿಯಾಚೆ ನೋಡಿದರು.

ಸುಂಟಿಕೊಪ್ಪದಿಂದ ಐದು ಮೈಲಿ ಒಳಗಿದ್ದ ನೇರಳೆಕೊಪ್ಪದ ಅಂಚೆ ಕಚೇರಿಯಲ್ಲೇ ಒಂದು ಮೂಲೆಗೆ ಲೈನು ಜೋಡಿಸುವ ಟೆಲಿಫೋನಿನ ಬೋರ್ಡು ಇತ್ತು. ಮೂವತ್ತೊಂದು ಲೈನು, ಹೆಚ್ಚಿನವು ಎಸ್ಟೇಟುಗಳವು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ವರ್ಷವೇ ಯಮುನ ಇಲ್ಲಿ ಆಪರೇಟರ್ ಕೆಲಸಕ್ಕೆ ಸೇರಿದ್ದಳು. ಈ ಆರು ವರ್ಷದಲ್ಲಿ ಕೊಡವ ಮಾತು, ಅರೆಭಾಷೆ, ಮಲಯಾಳ, ತಮಿಳು, ಎಸ್ಟೇಟಿನ ಗುಮಾಸ್ತರಾದ ಸಾಹೇಬರ ಕಾಲದ ರೈಟರುಗಳ ಇಂಗ್ಲಿಷು, ಎಲ್ಲವೂ ಅವಳ ಎಡಗಿವಿಯಲ್ಲಿ ಹಾದುಹೋಗಿದ್ದವು. ಯಾರು ಮಾತಾಡುತ್ತಿದ್ದಾರೆಂದು ಕೆಮ್ಮಿನಿಂದಲೇ ಹೇಳುತ್ತಿದ್ದಳು. ಊರಿಗೆ ಬರುವ ತಂತಿಗಳನ್ನೂ ಫೋನಿನಲ್ಲಿ ಕೇಳಿ ಅವಳೇ ಬರೆದುಕೊಳ್ಳಬೇಕಿತ್ತು.

ಮೂರು ತಿಂಗಳ ಹಿಂದೆ ಹೊಸ ಹೆಡ್‌ಫೋನು ಬಂತು. ಹಗುರವಾಗಿತ್ತು, ತಲೆ ನೋಯುತ್ತಿರಲಿಲ್ಲ. ಹಳೆಯದನ್ನು ಗೋಣಿಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಹಾಕಿ, ವಾಪಸು ಕಳಿಸಲೆಂದು ಬೀರುವಿನಲ್ಲಿ ಇಟ್ಟರು; ಇವತ್ತು ಅಳೆಯಲೆಂದೇ ಅದನ್ನು ಬಿಚ್ಚಿದ್ದು. ಮೊದಲ ದಿನ ಸಂಜೆಯೇ ಯಮುನ ಬೆಳ್ಯಪ್ಪನವರಿಗೆ ಹೇಳಿದಳು: ಎಲ್ಲರೂ ಕಂಬಳಿ ಹೊದ್ದುಕೊಂಡು ಮಾತಾಡುವ ಹಾಗೆ ಕೇಳುತ್ತದೆ. ಬೆಳ್ಯಪ್ಪ, “ಹೊಸದಲ್ವಾ, ನಾಲ್ಕು ದಿನ ಹೋಗ್ಲಿ,” ಎಂದರು. ನಾಲ್ಕು ದಿನ ಹೋಯಿತು. ಅವಳು ಮೇಲಿನ ಕಚೇರಿಗೆ ಕಾಗದ ಬರೆದಳು. ಉತ್ತರವಿಲ್ಲ. ಇನ್ನೊಂದು ಬರೆದಳು. ಉಪಕರಣವನ್ನು ಪರೀಕ್ಷಿಸಿಯೇ ಕಳಿಸಲಾಗಿದೆ ಎಂಬ ಒಂದು ಸಾಲಿನ ಉತ್ತರ ಬಂತು. ಮೂರನೆಯದಕ್ಕೆ ಅದೂ ಬರಲಿಲ್ಲ.

ಆಮೇಲೆ ಸುಮಿತ್ರಮ್ಮನ ತಂತಿ ಬಂತು.

ಸುಮಿತ್ರಮ್ಮನ ಮಗ ದೇರಪ್ಪ ಮಿಲಿಟರಿಯಲ್ಲಿದ್ದ. ಅವನ ತುಕಡಿಯನ್ನು ಉತ್ತರದ ಗಡಿಗೆ ಕಳಿಸುತ್ತಿದ್ದರು. ದಾರಿಯಲ್ಲಿ ಮೈಸೂರು ಸ್ಟೇಷನ್ನಿನಲ್ಲಿ ರೈಲು ಹತ್ತುತ್ತೇನೆ, ಬಂದು ನೋಡಿ ಎಂದು ಅವನು ಇಂಗ್ಲಿಷಿನಲ್ಲಿ ತಂತಿ ಕೊಟ್ಟಿದ್ದ. ತಾರೀಖು ಫಿಫ್ತೋ ಸಿಕ್ಸ್ತೋ ಎಂದು ಯಮುನಳಿಗೆ ಅನುಮಾನ ಬಂದು ಎರಡು ಸಲ ಕೇಳಿದಳು. ಮೂರನೆಯ ಸಲಕ್ಕೆ ಆ ಕಡೆಯವರು, “ಎಷ್ಟು ಸಲ ಒದರೋದ್ರೀ?” ಎಂದು ರೇಗಿದರು. ಅವಳು ಕಿವಿಗೆ ಬಿದ್ದದ್ದನ್ನು ಬರೆದಳು. ಸುಮಿತ್ರಮ್ಮ ಆರನೆಯ ತಾರೀಖು ಬೆಳಗಿನ ಬಸ್ಸಿಗೆ ಮೈಸೂರಿಗೆ ಹೋದರು. ರೈಲು ಐದನೆಯ ತಾರೀಖೇ ಹೋಗಿತ್ತು.

ದೇರಪ್ಪನ ಸೋದರಮಾವ ಸುಬೇದಾರರಾಗಿ ನಿವೃತ್ತರಾದವರು. ಅವರು ಮೇಲಕ್ಕೆ ಬರೆದ ಒಂದೇ ದೂರಿಗೆ ಎರಡು ವಾರದಲ್ಲಿ ಇನ್ಸ್‌ಪೆಕ್ಟರು, ಅಳೆಯುವ ಪೆಟ್ಟಿಗೆ ಎರಡೂ ಬಂದವು. ಯಮುನ ಬರೆದ ಮೂರು ಕಾಗದಗಳಿಗೆ ಬಾರದ್ದು.

“ಉಪಕರಣ ಸರಿ ಇದೆ,” ಎಂದರು ಮಂಜುನಾಥಯ್ಯ. “ಇನ್ನು ಉಳಿದದ್ದು ನಿಮ್ಮ ಕಿವಿ. ಬೇಜಾರು ಮಾಡ್ಕೋಬೇಡಿ, ಅದನ್ನೂ ನೋಡಲೇಬೇಕು.”

ಅದನ್ನೂ ನೋಡಿದರು. ಪೆಟ್ಟಿಗೆಯ ಕೂಗನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತ, ಕೇಳದಾಗ ಕೈ ಎತ್ತಿ ಎಂದರು. ಅವರಿಗೆ ಕೇಳುವುದು ನಿಂತ ಮೇಲೂ ಅವಳು ಇನ್ನೂ ಎರಡು ಗೆರೆ ಕೆಳಗಿನವರೆಗೆ ಕೈ ಎತ್ತಲಿಲ್ಲ. ಬೆಳ್ಯಪ್ಪ ಸಣ್ಣಗೆ ನಕ್ಕರು. ಮಂಜುನಾಥಯ್ಯ ನಗಲಿಲ್ಲ.

“ಕಿವಿಯೂ ಸರಿ ಇದೆ. ಹಾಗಾದ್ರೆ ಗಮನ ಸಾಲದು ಅಂತ ಬರೀಬೇಕಾಗುತ್ತೆ.”

ಯಮುನ ಪೆಟ್ಟಿಗೆಯ ಕಡೆ ಕೈ ತೋರಿಸಿದಳು. “ಈ ಪೆಟ್ಟಿಗೆ ಎಷ್ಟು ಸ್ವರ ಕಳಿಸ್ತದೆ ಸಾರ್?”

“ಒಂದೇ. ಒಂದು ಸ್ವರ ಕಳಿಸುತ್ತೆ, ಅದು ಎಷ್ಟು ಜೋರಾಗಿ ಬಂತು ಅಂತ ಅಳೆಯುತ್ತೆ.”

“ಜನ ಒಂದೇ ಸ್ವರದಲ್ಲಿ ಮಾತಾಡ್ತಾರಾ?”

ಅವರು ಉತ್ತರ ಕೊಡುವ ಮೊದಲೇ ಅವಳು ಡ್ರಾಯರಿನಿಂದ ಒಂದು ಹಾಳೆ ತೆಗೆದಳು. ಹಿಂದಿನ ವಾರ ಬರೆದಿಟ್ಟದ್ದು. ಇಪ್ಪತ್ತು ಮಾತುಗಳು: ಸಾವು, ಹಾವು, ಸಾಲು, ಹಾಲು, ಸಾಕು, ಹಾಕು, ಸುಳಿ, ಹುಳಿ, ಹೀಗೆ. ಕೊನೆಯಲ್ಲಿ ಫಿಫ್ತ್, ಸಿಕ್ಸ್ತ್.

“ಪೋಸ್ಟ್‌ಮಾಸ್ಟರು ಜಗಲಿಯಲ್ಲಿರೋ ಪಬ್ಲಿಕ್ ಫೋನಿಂದ ಇದನ್ನು ಓದ್ಲಿ. ಹ್ಯಾಗೆ ಬೇಕಾದ್ರೂ ಹಿಂದೆಮುಂದೆ ಮಾಡಿ ಓದ್ಲಿ. ನೀವು ಬೋರ್ಡಿನ ಮುಂದೆ ಕೂತು ಬರ್ಕೊಳ್ಳಿ. ಒಂದು ಸಲ ಹೊಸದ್ರಲ್ಲಿ, ಒಂದು ಸಲ ಹಳೇದ್ರಲ್ಲಿ.”

“ನನಗೆ ಬೋರ್ಡಿನ ಅಭ್ಯಾಸ ಇಲ್ಲಮ್ಮ.”

“ಎರಡರಲ್ಲೂ ಇರೋದಿಲ್ವಲ್ಲ ಸಾರ್.”

ಮಂಜುನಾಥಯ್ಯ ಗಡಿಯಾರ ನೋಡಿದರು. ಸುಂಟಿಕೊಪ್ಪದ ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಹೊಸ ಹೆಡ್‌ಫೋನನ್ನು ತಲೆಗೇರಿಸಿಕೊಂಡು ಅವಳ ಎತ್ತರದ ಸ್ಟೂಲಿನ ಮೇಲೆ ಕೂತರು. ಬೆಳ್ಯಪ್ಪ ಜಗಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಇನ್ಸ್‌ಪೆಕ್ಟರು ಮೊದಲ ನಾಲ್ಕನ್ನು ಸರಸರ ಬರೆದರು. ಐದನೆಯದಕ್ಕೆ ಪೆನ್ಸಿಲು ನಿಂತಿತು. “ಇನ್ನೊಂದ್ಸಲ ಹೇಳ್ರಿ,” ಎಂದರು. ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದರು. ಕಣ್ಣು ಮುಚ್ಚಿದರು. ಹಣೆಯಲ್ಲಿ ಬೆವರು ಕಂಡಿತು. ಯಮುನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಮೂರು ತಿಂಗಳು ತಾನು ಕೂತಿದ್ದ ಭಂಗಿಯಲ್ಲೇ ಅವರು ಕೂತಿದ್ದರು, ಭುಜ ಮುಂದಕ್ಕೆ ಬಾಗಿಸಿ, ಬಾಯಿ ಅರ್ಧ ತೆರೆದು.

ಹೊಸದರಲ್ಲಿ ಇಪ್ಪತ್ತಕ್ಕೆ ಒಂಬತ್ತು ತಪ್ಪು. ಸಾವು ಹಾವಾಗಿತ್ತು, ಸಾಲು ಹಾಲಾಗಿತ್ತು. ಫಿಫ್ತ್ ಇದ್ದಲ್ಲಿ ಸಿಕ್ಸ್ತ್ ಎಂದಿತ್ತು. ಹಳೆಯದರಲ್ಲಿ ಒಂದೇ ತಪ್ಪು. ಅದೂ ಆ ಹೊತ್ತಿಗೆ ಕಾಫಿ ತುಂಬಿದ ಲಾರಿ ರಸ್ತೆಯಲ್ಲಿ ಹೋದದ್ದರಿಂದ.

ಮಂಜುನಾಥಯ್ಯ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಸಾಲುಸಾಲಾಗಿ ಪೆನ್ಸಿಲು ಇಳಿಸುತ್ತ ನೋಡಿದರು.

“ನೀವು ಹೇಳಿದ್ದು ಸರಿ,” ಎಂದರು ಕೊನೆಗೆ.

ಅಳು ಬಂದೀತೆಂದು ಯಮುನ ಬೋರ್ಡಿನ ಕಡೆ ತಿರುಗಿದಳು.

ಅವರು ಚೀಲದಿಂದ ಅಚ್ಚು ಹಾಕಿದ ಫಾರಂ ತೆಗೆದು ಬರೆಯತೊಡಗಿದರು. ಹೊಸ ಉಪಕರಣ: ನಲವತ್ತೆರಡು. ಹಳೆಯ ಉಪಕರಣ: ನಲವತ್ತೊಂದು. ಆಪರೇಟರ ಶ್ರವಣ: ದೋಷವಿಲ್ಲ. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿದರು.

“ಆ ಹಾಳೆಯಲ್ಲಿರೋದನ್ನ ಬರೀರಿ ಸಾರ್.”

“ಎಲ್ಲಿ ಬರೀಲಿ? ಇದರಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.”

“ಕೆಳಗೆ ಜಾಗ ಉಂಟಲ್ಲ.”

“ಕೆಳಗೆ ಬರೆದ್ರೆ ಏನಂತಾರೆ ಗೊತ್ತಾ? ಅಳತೆ ಮಾಡೋಕೆ ಕಳಿಸಿದ್ರೆ ಇವನು ಹಾವು ಚೇಳು ಬರ್ಕೊಂಡು ಬಂದಿದಾನೆ ಅಂತಾರೆ.” ಅವರ ದನಿ ಮೊದಲ ಸಲ ಏರಿತು. ಕೂಡಲೇ ಇಳಿಯಿತು. “ಇಂಥವು ಎಂಟುನೂರು ಕೊಂಡಿದಾರಮ್ಮ. ಎಂಟುನೂರಕ್ಕೂ ಮುಳ್ಳು ನಲವತ್ತರ ಮೇಲೆ ನಿಂತಿದೆ. ನಾನೇ ಇನ್ನೂರಕ್ಕೆ ಸಹಿ ಹಾಕಿದೀನಿ.”

ಅವರು ಎರಡು ಹಾಳೆಗಳನ್ನು ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡರು. ಎಂಜಿನಿಯರಿಗೆ ಬಾಯಲ್ಲಿ ಹೇಳುತ್ತೇನೆ ಎಂದರು. ಹಳೆಯ ಹೆಡ್‌ಫೋನನ್ನು ಇಲ್ಲೇ ಬಿಟ್ಟುಹೋಗಿ ಎಂದು ಯಮುನ ಕೇಳಿದಳು. ಅದು ವಾಪಸು ಹೋಗಬೇಕಾದ ಪಟ್ಟಿಯಲ್ಲಿತ್ತು. ಬೆಳ್ಯಪ್ಪ ಮತ್ತೆ ಗೋಣಿಬಟ್ಟೆ ಸುತ್ತಿ, ಅರಗು ಕಾಯಿಸಿ ಮುದ್ರೆ ಒತ್ತಿದರು. ಬಸ್ಸು ಬಂದಾಗ ಮಂಜುನಾಥಯ್ಯ ಪೆಟ್ಟಿಗೆಯನ್ನು ಒಂದು ಕೈಯಲ್ಲೂ ಆ ಗಂಟನ್ನು ಇನ್ನೊಂದು ಕೈಯಲ್ಲೂ ಹಿಡಿದು ಹತ್ತಿದರು. ತಿರುಗಿ ನೋಡಲಿಲ್ಲ.

ಹತ್ತು ದಿನಕ್ಕೆ ಆದೇಶ ಬಂತು. ಉಪಕರಣದಲ್ಲಿ ದೋಷ ಕಂಡುಬಂದಿಲ್ಲ. ಆಪರೇಟರ ಶ್ರವಣದಲ್ಲಿ ದೋಷ ಕಂಡುಬಂದಿಲ್ಲ. ಆದ್ದರಿಂದ ಆಪರೇಟರು ಇನ್ನು ಮುಂದೆ ಹೆಚ್ಚು ಗಮನವಿಟ್ಟು ಕೇಳತಕ್ಕದ್ದು.

“ಹೋಗ್ಲಿ ಬಿಡು ಯಮುನ,” ಎಂದರು ಬೆಳ್ಯಪ್ಪ. “ಕೆಲ್ಸ ಉಳೀತಲ್ಲ.”

“ನೀವೇ ಓದಿದ್ರಲ್ಲ ಸಾರ್ ಅವತ್ತು. ನೀವು ಸಾವು ಅಂದ್ರಿ, ಅವ್ರು ಹಾವು ಅಂತ ಬರೆದ್ರು.”

“ಓದ್ದೆ. ಅದಕ್ಕೇ ಹೇಳೋದು, ಹೋಗ್ಲಿ ಬಿಡು ಅಂತ.”

ಅಂದಿನಿಂದ ಅವಳು ಪ್ರತಿ ನಂಬರನ್ನೂ ಮೂರು ಸಲ ಕೇಳಿದಳು. ಎಸ್ಟೇಟುಗಳಿಂದ ಬೈಗಳು ಬಂದವು. ಒಬ್ಬ ರೈಟರು, “ಕಿವಿಗೆ ಎಣ್ಣೆ ಬಿಟ್ಕೊಳ್ಳಮ್ಮ,” ಎಂದ. ಅದು ಮಾತ್ರ ಸ್ಪಷ್ಟವಾಗಿ ಕೇಳಿತು.

ಭಾನುವಾರ ಮಧ್ಯಾಹ್ನ ಅವಳು ಗದ್ದೆಬದುವಿನ ಮೇಲೆ ನಡೆದು ಸುಮಿತ್ರಮ್ಮನ ಮನೆಗೆ ಹೋದಳು. ಸುಮಿತ್ರಮ್ಮ ಕಣದಲ್ಲಿ ಕಾಫಿ ಹಣ್ಣು ಕೆದಕುತ್ತಿದ್ದರು.

“ಬಾ ಮಗಾ. ಕುದ್ಕ,” ಎಂದು ಅರೆಭಾಷೆಯಲ್ಲಿ ಕೂರಲು ಹೇಳಿದರು.

ಯಮುನ ಕೂರಲಿಲ್ಲ. “ಅಂದ್ ತಂತಿ ಬರ್ಕಂಡದ್ ನಾನೇ ಅತ್ತೆ. ಆ ಕಡೆಯವ್ ಇಂಗ್ಲಿಷ್‌ಲಿ ಐದ್ ಹೇಳ್ದ್ ನಂಗೆ ಆರ್ ಹೇಳಿ ಕೇಳ್ತ್.”

“ಗೊತ್ತುಟ್ಟು.” ಸುಮಿತ್ರಮ್ಮ ಹಣ್ಣಿನಿಂದ ಕೈ ತೆಗೆಯಲಿಲ್ಲ. “ರೈಲ್ ಎರಡ್ ಗಂಟೆ ನಿಂತಿತ್ತ್ ಗಡ. ಸ್ಟೇಷನ್‌ಲಿ ಹೇಳ್ದೊ.”

“ಆ ಫೋನ್ ಸರಿ ಇಲ್ಲೆ ಅತ್ತೆ. ಮೈಸೂರಿಂದ ಬಂದ್ ಅಳ್ದೊ. ಫೋನೂ ಸರಿ ಉಟ್ಟು, ನನ್ನ ಕಿವಿನೂ ಸರಿ ಉಟ್ಟು ಹೇಳಿ ಬರ್ದೊ.”

ಸುಮಿತ್ರಮ್ಮ ತಲೆಯೆತ್ತಿ ಅವಳನ್ನೇ ನೋಡಿದರು.

“ಎಲ್ಲ ಸರಿ ಉಟ್ಟು,” ಎಂದರು. “ನಂಗೆ ಮಾತ್ರ ಮಗನ್ನ ನೋಡಿಕೆ ಸಿಕ್ಕಿತ್ಲೆ.”

ಯಮುನ ಅಲ್ಲೇ ಕಣದ ಅಂಚಿನಲ್ಲಿ ಕೂತಳು. ಸುಮಿತ್ರಮ್ಮ ಸೀರೆಗೆ ಕೈ ಒರೆಸಿಕೊಳ್ಳುತ್ತ ಒಳಗೆ ಹೋದರು. ಬರುವಾಗ ಒಂದು ಲೋಟ ಕಾಫಿಯೂ ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿಯೂ ಇದ್ದವು. ಡಬ್ಬಿಯ ತುಂಬ ಚಕ್ಕುಲಿ.

“ಅಂವಂಗೆ ಕೊಡಿಕೆ ಹೇಳಿ ಮಾಡ್ದು. ಮೈಸೂರಿಗೆ ಹೋಗಿ ವಾಪಾಸ್ ಬಾತ್. ಹೊಸ ಅಡ್ರೆಸ್ ಬಂದ್ರೆ ಕಳ್ಸೊಕು ಹೇಳಿ ಇಟ್ಟಿದ್ದೆ. ತಿನ್.”

ಯಮುನ ಒಂದನ್ನು ತೆಗೆದು ಮುರಿಯಹೋದಳು. ತಂಡಿಗೆ ಮೆತ್ತಗಾಗಿತ್ತು, ಮುರಿಯದೆ ಬಾಗಿತು. ಬಾಯಿಗಿಟ್ಟು ನಿಧಾನವಾಗಿ ಅಗಿದಳು. ಸುಮಿತ್ರಮ್ಮ ಎದುರಿಗೆ ಕೂತು, ಅವಳು ನುಂಗುವವರೆಗೆ ಕಾದು, ಡಬ್ಬಿಯನ್ನು ಇನ್ನಷ್ಟು ಹತ್ತಿರಕ್ಕೆ ಸರಿಸಿದರು.